ಟೋರ್ವಿಕ್‌ನ ತಗಡಿನ ಅಂಕಿಗಳು

ಸೋಮವಾರ ಬೆಳಿಗ್ಗೆ ವರ್ನಾಳ ಕಾಫಿ ಅಂಗಡಿಯ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಅವಳು ಬೈದುಕೊಳ್ಳುತ್ತ ಊರ ಬಾವಿಯ ಪಂಪ್‌ಮನೆಗೆ ನಡೆದಳು. ಬಾಗಿಲು ತೆರೆದೇ ಇತ್ತು. ಒಳಗೆ ಊರ ಸಮಿತಿಯ ಲೀಲಂಡ್ ಹೌಗ್ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ರಕ್ತ ಒಣಗಿ ಕಪ್ಪಾಗಿತ್ತು. ಬೀಳುವಾಗ ಅವನ ಭುಜ ತಗುಲಿ ಪಂಪಿನ ಸ್ವಿಚ್ಚು ಆರಿಹೋಗಿತ್ತು. ಟ್ಯಾಂಕು ಬರಿದಾಗಿತ್ತು.

ಅವಳ ಕೂಗಿಗೆ ಮೊದಲು ಓಡಿಬಂದವಳು ಮೆರ್ಲಿಸ್ ಟ್ವೆಟ್. ಕೌಂಟಿಯ, ಅಂದರೆ ಜಿಲ್ಲೆಯ, ವಾರಪತ್ರಿಕೆಗೆ ಸಂಪಾದಕಿ, ವರದಿಗಾರ್ತಿ, ಛಾಯಾಗ್ರಾಹಕಿ ಎಲ್ಲ ಅವಳೇ. ಹುಟ್ಟಿದ್ದು ಇದೇ ಟೋರ್ವಿಕ್‌ನಲ್ಲಿ. ಆ ಬೆಳಿಗ್ಗೆ ಅವಳು ಉತ್ತರ ಡಕೋಟಾದ ಆ ಮೂಲೆಗೆ ಬಂದದ್ದು ಸಾವಿನ ಸುದ್ದಿಗಲ್ಲ, ಹುಟ್ಟಿನ ಸುದ್ದಿಗೆ. ಬೀಟ್‌ರೂಟ್ ಹೊಲದಲ್ಲಿ ಕೆಲಸ ಮಾಡುವ ಎಫ್ರೇನ್ ಸೊಲಿಸ್‌ಗೆ ಶನಿವಾರ ಹೆಣ್ಣು ಮಗುವಾಗಿತ್ತು. ಹನ್ನೊಂದು ವರ್ಷಗಳಲ್ಲಿ ಊರಿಗೆ ಬಂದ ಮೊದಲ ಕೂಸು.

ಬರುವ ದಾರಿಯಲ್ಲಿ ಮೆರ್ಲಿಸ್ ಕಾರು ನಿಲ್ಲಿಸಿ ಊರ ಹೊರಗಿನ ಸ್ವಾಗತ ಹಲಗೆಯ ಚಿತ್ರ ತೆಗೆದಿದ್ದಳು. 'ಟೋರ್ವಿಕ್. ಜನಸಂಖ್ಯೆ 61.' ಮಗು ಹುಟ್ಟಿದರೂ ಹಲಗೆ ನೋಡಿಕೊಳ್ಳುವ ಮುದುಕ ಆರ್ವಿಲ್ ಇನ್ನೂ ಅಂಕಿ ಬದಲಿಸಿಲ್ಲ, ಪಾಪ, ವಯಸ್ಸಾಯಿತು ಎಂದುಕೊಂಡಿದ್ದಳು.

* * *

ಪೊಲೀಸ್ ಅಧಿಕಾರಿ ಡೇಲ್ ಬ್ರೋಟನ್ ಬಂದ. ಹೆಣ ನೋಡಿದ. ಕಾಫಿ ಅಂಗಡಿಗೆ ಬಂದು ಟೋಪಿ ತೆಗೆದಿಟ್ಟ.

"ಶುಕ್ರವಾರ ಇಲ್ಲಿ ಜಗಳ ಆಯ್ತಂತಲ್ಲ, ವರ್ನಾ?"

"ಆಯ್ತು. 'ಮಂಗಳವಾರ ಮೀಟಿಂಗ್ ಆಗ್ಲಿ, ಊರನ್ನೇ ಮುಚ್ತೀವಿ, ಮೊದ್ಲು ನಿಲ್ಲೋದು ಬಾವಿ ನೀರು' ಅಂದ ಲೀಲಂಡ್. ಎಫ್ರೇನ್ ಎದ್ದು ನಿಂತ. 'ನನ್ನ ಹೆಂಡ್ತಿ ತುಂಬು ಬಸುರಿ. ನೀರು ನಿಲ್ಸಿ ನೋಡಿ, ಅದೇ ಬಾವಿಗೆ ಎಸೀತೀನಿ ನಿಮ್ಮನ್ನ' ಅಂದ."

"ಇಷ್ಟು ಸಾಕು."

"ಸಿಟ್ಟಲ್ಲಿ ಅಂದಿದ್ದು ಕಣೋ."

"ಮತ್ತೆ, ಖುಷೀಲಿ ಕೊಲ್ತಾರಾ?"

ಊರ ಸಮಿತಿಯಲ್ಲಿ ಮೂವರೇ. ಊರಾಡಳಿತವನ್ನು ವಿಸರ್ಜಿಸಿ ಎಲ್ಲವನ್ನೂ ಕೌಂಟಿಗೆ ಒಪ್ಪಿಸಬೇಕೆಂದು ಲೀಲಂಡ್ ಪಟ್ಟು ಹಿಡಿದಿದ್ದ. ವರ್ನಾ ದಣಿದು ಅವನ ಕಡೆಗೆ ವಾಲಿದ್ದಳು. ಬೇಡ ಎನ್ನುತ್ತಿದ್ದವನು ಅಧ್ಯಕ್ಷ ಆರ್ವಿಲ್ ಸ್ಲೆಟನ್ ಒಬ್ಬನೇ.

ಲೀಲಂಡ್ ಸತ್ತದ್ದು ಭಾನುವಾರ ಮಧ್ಯಾಹ್ನ ಎಂದರು ಡಾಕ್ಟರು. ಆ ಹೊತ್ತಿನಲ್ಲಿ ಎಫ್ರೇನ್ ಮಗುವಿನ ಬಟ್ಟೆ ತರಲು ಆಸ್ಪತ್ರೆಯಿಂದ ಒಬ್ಬನೇ ಮನೆಗೆ ಬಂದು ಹೋಗಿದ್ದ. ಕಂಡವರಿಲ್ಲ. ಡೇಲ್ ಅವನ ಕೈಗೆ ಬೇಡಿ ಹಾಕಿದ.

"ಹೊರಗಿನೋರನ್ನ ಸೇರಿಸ್ಕೊಂಡ್ರೆ ಇನ್ನೇನಾಗುತ್ತೆ?" ಎಂದ ಕಿಟಕಿ ಪಕ್ಕದ ಮುದುಕ. ಶನಿವಾರ ಅದೇ ಮಗುವಿನ ಹೆಸರಲ್ಲಿ ಅವನು ಎರಡು ಬಿಯರ್ ಕುಡಿದಿದ್ದ.

ಆರ್ವಿಲ್ ಅಲ್ಲೇ ಕೂತಿದ್ದ. ಕಾಫಿ ಆರುತ್ತಿತ್ತು.

* * *

ಮೆರ್ಲಿಸ್ ಆಸ್ಪತ್ರೆಗೆ ಹೋದಳು. ಎಫ್ರೇನ್‌ನ ಹೆಂಡತಿ ಯೆಸೇನಿಯಾ ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದಳು. ಅತ್ತು ಅತ್ತು ಕಣ್ಣುಗಳು ಊದಿದ್ದವು.

"ಅವ್ರು ಆ ಥರದವ್ರಲ್ಲ, ಅಕ್ಕ. ಇಲ್ಲೇ ಇರೋಣ, ಮಗಳು ಇಲ್ಲೇ ಬೆಳೀಲಿ ಅಂತಿದ್ರು. ನೋಡಿ, ಶನಿವಾರ ಸಂಜೆ ಎಷ್ಟು ಖುಷಿಯಾಗಿ ಕಳಿಸಿದ್ರು."

ಫೋನಿನಲ್ಲಿ ಒಂದು ಚಿತ್ರ. ಏಣಿಯ ಮೇಲೆ ಆರ್ವಿಲ್. ಕೆಳಗೆ ಎಫ್ರೇನ್, ಬಾಯಿತುಂಬ ನಗು. ಇಬ್ಬರ ನಡುವೆ ಹಲಗೆ. ಜನಸಂಖ್ಯೆ 62.

ಮೆರ್ಲಿಸ್ ತನ್ನ ಕ್ಯಾಮೆರಾ ತೆರೆದಳು. ಸೋಮವಾರ ಬೆಳಗಿನ ಚಿತ್ರ. 61. ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು.

"ಏನಾಯ್ತು ಅಕ್ಕ?"

"ಈ ಚಿತ್ರ ಅಳಿಸಬೇಡ," ಎಂದಳು.

* * *

ಆರ್ವಿಲ್‌ನ ಗ್ಯಾರೇಜಿನ ಗೋಡೆ ತುಂಬ ಮೊಳೆಗಳು, ಮೊಳೆಗಳಿಗೆ ತಗಡಿನ ಅಂಕಿಗಳು. ಹಲಗೆ ನಿಲ್ಲಿಸಿದವನು ಅವನ ಅಪ್ಪ. ರೈಲು ಬರುತ್ತಿದ್ದ ಕಾಲ. ಬ್ಯಾಂಕು, ಎರಡು ಚರ್ಚು, ಹೈಸ್ಕೂಲು, 480 ಜನ. ಆಮೇಲೆ ರೈಲು ನಿಂತಿತು, ಹಳಿಯನ್ನೂ ಕಿತ್ತೊಯ್ದರು. ನೂರರ ಸ್ಥಾನದ ಅಂಕಿಗಳು ಮೂಲೆಯಲ್ಲಿ ತುಕ್ಕು ಹಿಡಿದಿದ್ದವು. ಸಾವಾಗಲಿ, ಹುಟ್ಟಾಗಲಿ, ಯಾರಾದರೂ ಗಂಟುಮೂಟೆ ಕಟ್ಟಿ ಹೊರಡಲಿ, ಅದೇ ದಿನ ಅಂಕಿ ಬದಲಾಗಬೇಕು. ಅಪ್ಪ ತಪ್ಪಿಸಲಿಲ್ಲ. ಮಗನೂ ತಪ್ಪಿಸಿರಲಿಲ್ಲ.

ಮೆರ್ಲಿಸ್ ಡೇಲ್‌ನನ್ನು ಕರೆದುಕೊಂಡೇ ಬಂದಿದ್ದಳು.

"ಆರ್ವಿಲ್, ಶನಿವಾರ 62 ಹಾಕಿದ್ರಿ, ಅಲ್ವಾ?"

"ಹಾಕ್ದೆ. ಎಷ್ಟು ವರ್ಷ ಆಗಿತ್ತಮ್ಮ, ಅಂಕಿ ಮೇಲಕ್ಕೆ ಹೋಗಿ!"

"ಇಳಿಸಿದ್ದು?"

"ಲೀಲಂಡ್ ಸತ್ತ ಮೇಲೆ."

"ಸತ್ತ ಮೇಲೋ, ಹೆಣ ಸಿಕ್ಕಿದ ಮೇಲೋ?"

ಬಟ್ಟೆಯಿಂದ ತಗಡು ಒರೆಸುತ್ತಿದ್ದ ಮುದುಕನ ಕೈ ನಿಂತಿತು. "ವರ್ನಾ ಕೂಗಿದ್ಮೇಲೆ ಹೋಗಿ..."

ಮೆರ್ಲಿಸ್ ಕ್ಯಾಮೆರಾ ಮುಂದೆ ಹಿಡಿದಳು. "ಇದು ನಾನು ಊರೊಳಗೆ ಬರೋಕೆ ಮುಂಚೆ ತೆಗೆದದ್ದು. ಆಗಿನ್ನೂ ವರ್ನಾ ಪಂಪ್‌ಮನೆಗೇ ಹೋಗಿರ್ಲಿಲ್ಲ. ಲೀಲಂಡ್ ಸತ್ತಿದ್ದು ಕೊಂದವನಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರ್ಲಿಲ್ಲ. ಆದ್ರೆ ಹಲಗೆಗೆ ಗೊತ್ತಿತ್ತು."

"ಎಫ್ರೇನೇ ಇಳಿಸಿರಬಹುದಲ್ಲ?" ಎಂದ ಡೇಲ್.

"ತನ್ನ ಮಗು ಬಂದ ಸಂತೋಷಕ್ಕೆ ಹಾಕಿದ ಅಂಕೀನ ಯಾವ ಅಪ್ಪ ಕೀಳ್ತಾನೆ, ಡೇಲ್? ಕಿತ್ತರೂ, ಒಂದರ ತಗಡು ಎಲ್ಲಿಂದ ತರ್ತಾನೆ? ಅವೆಲ್ಲ ಇಲ್ಲಿವೆ. ಬೀಗದ ಕೈ ಇವರ ಜೇಬಲ್ಲಿದೆ."

ಆರ್ವಿಲ್ ಸ್ಟೂಲಿನ ಮೇಲೆ ಕೂತ. ಮೇಜಿನ ಕೆಳಗಿನ ಪೆಟ್ಟಿಗೆ ತೋರಿಸಿದ. ಪಂಪಿನ ದೊಡ್ಡ ಸ್ಪ್ಯಾನರ್ ಅದರಲ್ಲಿತ್ತು.

"ಭಾನುವಾರ ಪಂಪಿಗೆ ಎಣ್ಣೆ ಬಿಡ್ತಿದ್ದೆ. ಬಾವಿ ಮುಚ್ಚೋಕೆ ಎಷ್ಟು ಕಾಂಕ್ರೀಟ್ ಬೇಕು ಅಂತ ನೋಡೋಕೆ ಬಂದ ಲೀಲಂಡ್. ನಗ್ತಿದ್ದ. 'ಚಳಿಗಾಲಕ್ಕೆ ನಿನ್ನ ಹಲಗೆ ಒಲೆಗೆ ಹಾಕ್ಕೋ ಆರ್ವಿಲ್, ಒಣಗಿದ ಮರ, ಚೆನ್ನಾಗಿ ಉರಿಯುತ್ತೆ' ಅಂದ. ತಿರುಗಿ ನಿಂತ. ಸ್ಪ್ಯಾನರ್ ಕೈಲಿತ್ತು."

"ಅಂಕಿ ಯಾಕೆ ಮುಟ್ಟಿದ್ರಿ? ಒಂದು ದಿನ ಸುಮ್ನಿದ್ದಿದ್ರೆ ಯಾರಿಗೂ ತಿಳೀತಿರ್ಲಿಲ್ಲ."

"ತಪ್ಪು ಅಂಕಿ ತೂಗಾಡ್ತಿತ್ತಲ್ಲಮ್ಮ. ಮನೇಲಿ ಕೂತಿರೋಕಾಗ್ಲಿಲ್ಲ. ಕತ್ತಲಾಗೋ ಮುಂಚೆ ಹೋಗಿ ಬದಲಾಯಿಸ್ದೆ."

"ಎಫ್ರೇನ್‌ಗೆ ಬೇಡಿ ಹಾಕುವಾಗ ನೀವು ಅಲ್ಲೇ ಕೂತಿದ್ರಿ."

"ನಾನು ಒಳಗೆ ಹೋದ್ರೆ ಮೀಟಿಂಗಿಗೆ ವರ್ನಾ ಒಬ್ಳೇ. ಊರೇ ಹೋಗ್ಬಿಡುತ್ತೆ."

"ಎಫ್ರೇನ್ ಊರಲ್ವಾ? ಅವನ ಮಗು ಹುಟ್ಟಿತು ಅಂತ ಏಣಿ ಹತ್ತಿದ್ರಲ್ಲ, ಅದು ಊರಲ್ವಾ?"

ಆರ್ವಿಲ್ ಗೋಡೆಯ ಕಡೆ ನೋಡಿದ.

ಪೊಲೀಸ್ ಕಾರು ಊರ ಹೊರಗಿನ ಹಲಗೆ ದಾಟುವಾಗ ಅವನು ಮುಂದಕ್ಕೆ ಬಾಗಿದನಂತೆ. "ಒಂದ್ನಿಮಿಷ ನಿಲ್ಸಪ್ಪ. ನನ್ನನ್ನೂ ಕಳೀಬೇಕು." ಡೇಲ್ ನಿಲ್ಲಿಸಲಿಲ್ಲ.

* * *

ಎಫ್ರೇನ್‌ನನ್ನು ಬಿಟ್ಟರು. ಯಾರೂ ಕ್ಷಮೆ ಕೇಳಲಿಲ್ಲ. ಕಿಟಕಿ ಪಕ್ಕದ ಮುದುಕ ಬೀದಿಯಲ್ಲಿ ಎದುರಾದಾಗ ಟೋಪಿ ಮುಟ್ಟಿದ, ಅಷ್ಟೇ. ವಾರ ಕಳೆಯುವ ಮೊದಲು ಎಫ್ರೇನ್ ಪಿಕಪ್‌ಗೆ ಸಾಮಾನು ತುಂಬಿದ. ಮೇಲೆ ಮಗುವಿನ ತೊಟ್ಟಿಲು ಕಟ್ಟಿದ.

"ಎಲ್ಲಿಗಪ್ಪಾ?" ಎಂದಳು ಮೆರ್ಲಿಸ್.

"ನನ್ನ ಹೆಸರು ಗೊತ್ತಿಲ್ದೆ ಇರೋ ಕಡೆಗೆ," ಎಂದ ಎಫ್ರೇನ್. ಹಲಗೆ ದಾಟುವಾಗ ಅವನು ತಲೆ ಎತ್ತಲಿಲ್ಲ.

ಮಂಗಳವಾರದ ಮೀಟಿಂಗಿಗೆ ವರ್ನಾ ಒಬ್ಬಳೇ ಹೋಗಿ, ವಿಸರ್ಜನೆಯ ಕಾಗದಕ್ಕೆ ಸಹಿ ಹಾಕಿ, ದೀಪ ಆರಿಸಿ ಬಂದಳು. ಮುಂದಿನ ತಿಂಗಳು ಬಾವಿಯನ್ನು ಕೌಂಟಿಯವರು ಮುಚ್ಚುತ್ತಾರೆ. ಮೆರ್ಲಿಸ್‌ಳ ಪತ್ರಿಕೆಯಲ್ಲಿ ಕೊಲೆಯ ಸುದ್ದಿ ಮೊದಲ ಪುಟ ತುಂಬಿತು. ಮಗುವಿನ ಸುದ್ದಿಗೆ ಜಾಗ ಉಳಿಯಲಿಲ್ಲ.

"ಹಲಗೆ ಮೇಲೆ ಇನ್ನೂ 61 ಇದೆ ಕಣೇ," ಎಂದಳು ಮೆರ್ಲಿಸ್, ಕಾಫಿ ಕಪ್ಪು ಸರಿಸುತ್ತ. "57 ಆಗ್ಬೇಕಿತ್ತು."

"ಯಾರು ಬದಲಾಯಿಸ್ತಾರೆ? ತಗಡು, ಏಣಿ ಎಲ್ಲಾ ಸಾಕ್ಷಿ ಅಂತ ಡೇಲ್ ಹೊತ್ಕೊಂಡ್ಹೋದ." ವರ್ನಾ ಖಾಲಿ ಮೇಜುಗಳನ್ನು ಒರೆಸತೊಡಗಿದಳು. "ಇನ್ನೊಂದು ಕಪ್ ಹಾಕ್ಲಾ? ನೀರು ಇರೋವರೆಗೂ ಕುಡಿ."