ಬರೆಯದೆ ಬಿಟ್ಟ ಇಪ್ಪತ್ತೈದು ಎಸೆತ

“ಹೆಸರು ಬೇಡ, ಗೊತ್ತಿದೆ. ಆಡಿದ್ದು ಎಷ್ಟು ವರ್ಷ?”

ತಲೆ ಎತ್ತದೆ ಕೇಳಿದಳು. ಎತ್ತಿದರೆ ಕಣ್ಣಿಗೆ ಕಣ್ಣು ಕೊಡಬೇಕು... ಅಷ್ಟಕ್ಕೆಲ್ಲ ಅವಳಲ್ಲಿ ತ್ರಾಣ ಉಳಿದಿರಲಿಲ್ಲ. ಬೆಳಗಿನಿಂದ ನಲವತ್ತು ಮಕ್ಕಳ ಅರ್ಜಿ, ಹನ್ನೆರಡು ಅಪ್ಪಂದಿರ ತಕರಾರು. ಈಗ ಕೌಂಟರಿನಾಚೆ, ಹನ್ನೊಂದು ವರ್ಷದ ಹಿಂದೆ ಹೇಳದೆ ಕೇಳದೆ ಹೊರಟುಹೋದವನು.

ಅವಳು ಈ ಬೇಸ್‌ಬಾಲ್ ಕ್ಲಬ್ಬಿನ ಗುಮಾಸ್ತೆ. ಪಂದ್ಯವಿದ್ದರೆ ಸ್ಕೋರರ್ ಕೂಡ. ಅವನು ಮಕ್ಕಳ ತಂಡಕ್ಕೆ ಕೋಚ್ ಆಗಲು ಬಂದವನು. ಒಂದು ಕಾಲಕ್ಕೆ ಇದೇ ಕ್ಲಬ್ಬಿನ ಪಿಚರ್. ಚೆಂಡೆಸೆಯುವ ಆ ಬಲಗೈ ನೋಡಿ ಎಲ್ಲರೂ ‘ಸ್ಪ್ರಿಂಗು’ ಎನ್ನುತ್ತಿದ್ದರು.

“ಆಡಿದ್ದು ಇಲ್ಲೇ, ಆರು. ಕೋಚಿಂಗ್ ಐದು, ಶಾಲೆ ಮಕ್ಕಳಿಗೆ.”

“ದೊಡ್ಡ ತಂಡ ಸೇರಿದ್ರಿ ಅಂತ ಕೇಳಿದ್ದೆ. ಅದನ್ನೂ ಬರೀರಿ. ಕಮಿಟಿಯವರು ಬಾಯಿ ಬಿಟ್ಕೊಂಡು ನೋಡ್ಲಿ.”

ಅವನು ಪೆನ್ನು ತಗೊಂಡ. ‘ಆಟ ಬಿಡಲು ಕಾರಣ’ ಎಂಬಲ್ಲಿ ಒಂದೇ ಪದ ಗೀಚಿದ: ‘ಸ್ವಂತ’.

“ದೊಡ್ಡೋರಾದ್ಮೇಲೆ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ.”

ಅಂದಮೇಲೆ ಹೊಳೆಯಿತು. ಎಡಗೈ... ಇವನು ಯಾವತ್ತು ಎಡಗೈಯಲ್ಲಿ ಬರೆದಿದ್ದ?

“ಬಲಗೈ ಚಾಚು.” ಬಹುವಚನ ತಾನಾಗಿಯೇ ಉದುರಿತ್ತು.

“ಬೇಡ ಬಿಡು.”

“ಚಾಚು ಅಂದೆ.”

ಚಾಚಿದ. ಸ್ಪ್ರಿಂಗು ಅರ್ಧಕ್ಕೇ ನಿಂತಿತು. ಮೊಣಕೈ ಒಳಗೆ ಉದ್ದನೆಯ ಹೊಲಿಗೆ ಗುರುತು.

ಅವಳು ಕುರ್ಚಿಗೆ ಒರಗಿದಳು. ಆ ಫೈನಲ್... ಒಬ್ಬ ಪಿಚರ್‌ಗೆ ಎಂಬತ್ತೈದೇ ಎಸೆತ, ಆಮೇಲೆ ಅವನನ್ನು ಹೊರಗೆ ಕೂರಿಸಬೇಕು. ಎಣಿಕೆ ಅವಳ ಕೈಲಿ. ನಡುವೆ ಮೇಜಿನ ಬಳಿ ಬಗ್ಗಿ ಅವನು ಪಿಸುಗುಟ್ಟಿದ್ದ: “ಲೆಕ್ಕದಮ್ಮಾ, ಇಪ್ಪತ್ತೈದು ಕಮ್ಮಿ ಬರಿ. ಇದೊಂದು ಗೆದ್ದುಬಿಡ್ತೀನಿ.”

ಬರೆದಿದ್ದಳು. ಅವನು ಕೇಳಿದರೆ ಏನು ತಾನೇ ಬರೆಯುತ್ತಿರಲಿಲ್ಲ! ಗೆದ್ದರು. ವಾರದೊಳಗೆ ಅವನು ನಾಪತ್ತೆ.

“ಯಾವ ದೊಡ್ಡ ತಂಡವೂ ಇರ್ಲಿಲ್ಲ ಅಲ್ವಾ?”

“ಆಸ್ಪತ್ರೆ ದೊಡ್ಡದಿತ್ತು.”

ನಗಲು ನೋಡಿದಳು, ಆಗಲಿಲ್ಲ. “ನನಗೆ ಹೇಳಬೇಕಿತ್ತು.”

“ಹೇಳಿದ್ರೆ ನೀನು ಆ ಇಪ್ಪತ್ತೈದನ್ನ ಜೀವನವಿಡೀ ಹೊತ್ಕೊಂಡು ತಿರುಗ್ತಿದ್ದೆ.”

“ನಿನ್ನ ಹೊತ್ಕೊಂಡು ತಿರುಗಿದ್ದೀನಿ, ಹನ್ನೊಂದು ವರ್ಷ. ಯಾವುದು ಹಗುರ, ನೀನೇ ಹೇಳು.”

ಅವಳು ಅರ್ಜಿ ಎಳೆದುಕೊಂಡು ‘ಸ್ವಂತ’ವನ್ನು ಹೊಡೆದುಹಾಕಿ ಬರೆದಳು: ‘ಮಿತಿ ಮೀರಿ ಎಸೆದು ಮೊಣಕೈ ಹೋಯಿತು. ಸ್ಕೋರರ್ ಇಪ್ಪತ್ತೈದು ಎಸೆತ ಬರೆಯಲಿಲ್ಲ.’ ಕೆಳಗೆ ತನ್ನ ಸಹಿ.

“ಹುಚ್ಚೀ, ನಿನ್ನ ಕೆಲಸ ಹೋಗುತ್ತೆ.”

“ಹೋಗ್ಲಿ. ಬಚ್ಚಿಟ್ಟೂ ಬಚ್ಚಿಟ್ಟೂ ಸುಸ್ತಾಗಿದೆ ನನಗೆ.”

ಕ್ಲಬ್ಬಿನ ಕಾರ್ಯದರ್ಶಿ ಒಳಕೋಣೆಯಿಂದ ಬಂದರು. ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಎಂದಿನ ಮೂಗುದನಿಯಲ್ಲಿ ಕೇಳಿದರು: “ಈಗ ಮಕ್ಕಳ ಕೈಲಿ ಎಷ್ಟು ಎಸೆಸ್ತೀಯಪ್ಪ?”

ಅವನು ಜೇಬಿನಿಂದ ಎಣಿಸುವ ಪುಟ್ಟ ಯಂತ್ರ ತೆಗೆದ. ಹೆಬ್ಬೆರಳು ತಾಗಿ ತಾಗಿ ಗುಂಡಿ ಸವೆದಿತ್ತು. “ಐವತ್ತು ಸಾರ್. ಒಂದೂ ಜಾಸ್ತಿ ಇಲ್ಲ. ಅಪ್ಪಂದಿರು ಬೈತಾರೆ.”

“ಬೈಸ್ಕೋ. ಸೋಮವಾರದಿಂದ ಬಾ. ನೀನು ಇದರಲ್ಲಿ ಎಣಿಸು, ಇವಳು ಪುಸ್ತಕದಲ್ಲಿ ಬರೀಲಿ. ಎರಡೂ ಹೊಂದದಿದ್ರೆ ಇಬ್ರೂ ಮನೆಗೆ.”

ಅವರ ಹಿಂದೆ ಒಳಕೋಣೆಯ ಬಾಗಿಲು ಮುಚ್ಚಿತು.

“ಇಬ್ರೂ ಮನೇಗೆ...” ಅವಳು ಅದೇ ಮೂಗಿನಲ್ಲಿ ಅಣಕಿಸಿದಳು. ಅವನು ಈ ಅಣಕ ಕೇಳಿ ಹನ್ನೊಂದು ವರ್ಷವಾಗಿತ್ತು. ನಕ್ಕ ಅವನ ಕಣ್ಣು ತುಂಬಿಬಂತು.

“ಒಂದೇ ಮನೆಗಾದ್ರೆ ಅದು ಶಿಕ್ಷೆ ಅಲ್ಲ,” ಅಂದ ಮೆಲ್ಲಗೆ. “ನಿನ್ನ ಬಿಟ್ಟು ಹೋಗಿದ್ದೇ ನಾನು ಮಾಡಿದ ತಪ್ಪು ಕಣೆ. ಕೈ ಆಮೇಲಿನದು.”

ಅವಳು ಸ್ಟೂಲನ್ನು ಅವನತ್ತ ತಳ್ಳಿದಳು. ಮಡಚಿದಂತೆಯೇ ಉಳಿದ ಆ ಮೊಣಕೈಯನ್ನು ಮೇಜಿನ ಮೇಲೆ ತನ್ನ ಅಂಗೈಯೊಳಗೆ ಇಟ್ಟುಕೊಂಡಳು.

“ಕೂತ್ಕೋ. ಇಬ್ಬರಿಗೂ ಸಾಕಾಗಿದೆ.”

“ಎಷ್ಟು ಹೊತ್ತು?”

“ಈ ಸಲ ನಾನು ಎಣಿಸಲ್ಲ.”