ಸಾವಿರ ಕಿಲೋಮೀಟರಿನ ಸುಳ್ಳು

ನ್ಯಾಮತಿ ದಾಟಿ ಹೊನ್ನಾಳಿ ಕಡೆಗೆ ಹೊರಟ ಮೊದಲ ತಿರುವಿನಲ್ಲೇ ಹಗ್ಗ ಹರಿಯಿತು.

ಟ್ರ್ಯಾಕ್ಟರ್ ತಿರುಗಿಕೊಂಡು ಹೋಯಿತು. ಅದರ ಹಿಂದೆ ಕಟ್ಟಿದ್ದ ಕಾರು ತಿರುಗಲಿಲ್ಲ, ನೆಟ್ಟಗೆ ಹೋಯಿತು.

ಒಳಗೆ ಸ್ಟೇರಿಂಗ್ ಹಿಡಿದು ಕೂತಿದ್ದ ಶಿವಲೀಲಾ ಬ್ರೇಕ್ ಒತ್ತಿದಳು. ಪೆಡಲ್ ಸುಮ್ಮನೆ ಹೋಗಿ ತಳ ಮುಟ್ಟಿತು. ಅಯ್ಯೋ ಶಿವನೇ... ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದಳು. ಕಾರು ಜಾರಿಕೊಂಡು ಹೋಗಿ, ರಸ್ತೆಯಂಚಿನಲ್ಲಿ ಒಣಹಾಕಿದ್ದ ಮೆಕ್ಕೆಜೋಳದ ನಟ್ಟನಡುವೆ ನಿಂತಿತು.

ಎದುರಿನ ಮನೆಯಿಂದ ಒಬ್ಬ ಯುವಕ ಕಾಳು ಎಳೆಯುವ ಹಲಗೆ ಹಿಡಿದುಕೊಂಡೇ ಓಡಿ ಬಂದ.

"ಯಾವನೋ ಅವನು? ಕಣ್ಣು ಕಾಣಂಗಿಲ್ವೇನೋ ನಿಂಗೆ?"

ಬಾಗಿಲು ತೆರೆಯಿತು. ಬೆವರಿದ ಮುಖದ, ಕೆದರಿದ ಜಡೆಯ ಹುಡುಗಿಯೊಬ್ಬಳು ಇಳಿದಳು. ಯುವಕನ ಬಾಯಲ್ಲಿದ್ದ ಮುಂದಿನ ಬೈಗುಳ ಅಲ್ಲೇ ಉಳಿಯಿತು.

"ಕಣ್ಣು ಕಾಣುತ್ತೆ ಕಣ್ರೀ. ಬ್ರೇಕ್ ಇಲ್ಲ," ಎಂದಳು ಅವಳು. ದನಿ ಜಗ್ಗಲಿಲ್ಲ.

"ಬ್ರೇಕ್ ಇಲ್ಲದ ಗಾಡಿ ರೋಡಿಗೆ ಯಾಕೆ ತಂದ್ರಿ?"

"ಹಾರಿಸ್ಕೊಂಡು ಹೋಗಾಕೆ ಬರಲ್ಲ ಅಂತ."

ಅವನ ಕಣ್ಣು ಅವಳನ್ನು ಬಿಟ್ಟು ಕಾರಿನ ಮೇಲೆ ಹೋಗಿತ್ತು. ತುಕ್ಕು ತಿಂದ ಬಾಗಿಲು, ಒಡೆದ ದೀಪ, ಹಿಂದಿನ ಸೀಟಿನ ತುಂಬಾ ಕೋಳಿ ಪುಕ್ಕ. ಆದರೂ ಅವನು ಅದರ ಸುತ್ತ ಒಂದು ಸುತ್ತು ಬಂದು, ಮೆಲ್ಲಗೆ ಕೇಳಿದ.

"ಇದು... ಪಾಲಿಯೊ, ಒನ್ ಪಾಯಿಂಟ್ ಸಿಕ್ಸ್ ಅಲ್ವಾ?"

ಶಿವಲೀಲಾ ಅವನನ್ನೇ ನೋಡಿದಳು. ಬೆಳಿಗ್ಗೆ ಆ ಕಾರನ್ನು ಕೊಂಡಾಗಿನಿಂದ ನೋಡಿದವರೆಲ್ಲ ಗುಜರಿ ಎಂದಿದ್ದರು. ಸಣ್ಣ ಕಾರಿಗೆ ದೊಡ್ಡ ಎಂಜಿನ್ ಕೂರಿಸಿದ, ಒಂದು ಕಾಲದಲ್ಲಿ ಹುಡುಗರ ನಿದ್ದೆಗೆಡಿಸಿದ ಗಾಡಿ ಅದು ಎಂದು ಯಾರಿಗೂ ಹೊಳೆದಿರಲಿಲ್ಲ. ಇವನಿಗೆ ಹೊಳೆದಿತ್ತು.

"ಕಾರು ಆಮೇಲೆ ನೋಡೀವಂತೆ, ಮೊದ್ಲು ಕಾಳು ಬಳಿಯೋ," ಎಂದು ಅವನ ತಾಯಿ ಸಿದ್ದಲಿಂಗಮ್ಮ ಬಾಗಿಲಿನಿಂದಲೇ ಗದರಿದರು. ಆಮೇಲೆ ಹುಡುಗಿಯ ಕಡೆ ತಿರುಗಿ, "ನಿಂಗೇನೂ ಆಗ್ಲಿಲ್ವೇನವ್ವಾ?" ಎಂದರು.

ಆ ಒಂದು ಮಾತಿಗೆ ಅವಳ ಕಣ್ಣು ತುಂಬಿತು. ಬಗ್ಗಿ ಕೂತು ತಾನೂ ಕಾಳು ಬಳಿಯತೊಡಗಿದಳು.

ಅಷ್ಟರಲ್ಲಿ ಟ್ರ್ಯಾಕ್ಟರ್ ವಾಪಸ್ ಬಂತು. ಅದನ್ನು ಓಡಿಸುತ್ತಿದ್ದವರು ಅವಳ ಅಪ್ಪ ಷಣ್ಮುಖಪ್ಪ. "ಭಾರಾನೇ ಇಲ್ವಲ್ಲ, ಗಾಡಿ ಹಗುರಾಗಿ ಹೊಂಟೈತಲ್ಲ ಅಂತ ಖುಷೀಲಿ ಹೋಗ್ತಾ ಇದ್ದೆ," ಎಂದರು. "ತಿರುಗಿ ನೋಡಿದ್ರೆ ಮಗಳೇ ಇಲ್ಲ."

*

ಶಿವಲೀಲಾ ಸಂತೇಬೆನ್ನೂರಿನವಳು. ಚನ್ನಗಿರಿಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಕೆಲಸ. ಅವಳಿಗೆ ಇದ್ದದ್ದು ಒಂದೇ ಹುಚ್ಚು. ಹಿಂದಿನ ಬೇಸಿಗೆಯಲ್ಲಿ ಜಗಳೂರಿನ ಹೊರಗಿನ ಬಯಲಿನಲ್ಲಿ ಮಣ್ಣಿನ ಟ್ರ್ಯಾಕ್ ಮಾಡಿ ಕಾರ್ ರೇಸ್ ನಡೆಸಿದ್ದರು. ಹೆಣ್ಣುಮಕ್ಕಳಿಗೂ ಒಂದು ಓಟವಿತ್ತು. ಬಸ್ಸಿನಲ್ಲಿ ಹೋಗಿ ಧೂಳು ಕುಡಿದು ನೋಡಿ ಬಂದವಳು, ರಾತ್ರಿ ಊಟಕ್ಕೆ ಕೂತಾಗ, "ಮುಂದಿನ ಸಲ ನಾನೂ ಓಡಿಸ್ತೀನಿ," ಎಂದಿದ್ದಳು.

ಮನೆಯವರೆಲ್ಲ ನಕ್ಕಿದ್ದರು. ಲ್ಯಾಬಿನಲ್ಲೂ ನಕ್ಕಿದ್ದರು. ಡ್ರೈವಿಂಗ್ ಕಲಿಸಿದವನಂತೂ, "ಮೊದ್ಲು ರಿವರ್ಸ್ ಸರಿಯಾಗಿ ತಗೊಳಮ್ಮ," ಎಂದಿದ್ದ.

ನ್ಯಾಮತಿಯ ಆ ಯುವಕ ಕೊಟ್ರೇಶ್ ಮಾತ್ರ ನಗಲಿಲ್ಲ.

ಅವನು ಹೊನ್ನಾಳಿಯ ಒಂದು ಐಟಿಐನಲ್ಲಿ ಮೆಕ್ಯಾನಿಕ್ ಪಾಠ ಹೇಳುವ ಮೇಷ್ಟ್ರು. ಮೆಕ್ಕೆಜೋಳ ಬಳಿಯುತ್ತಲೇ ಅವಳ ಆಸೆಯನ್ನು ಕೇಳಿ, "ಈ ಎಂಜಿನ್ನಿಗೆ ಆಗುತ್ತೆ. ನಿಮಗೂ ಆಗುತ್ತೆ," ಎಂದ. ಮೊದಲ ಸಲ ಒಬ್ಬರು ಅವಳ ಕನಸನ್ನು ನೇರವಾಗಿ ಒಪ್ಪಿಕೊಂಡಿದ್ದರು. ಹೃದಯ ಅವತ್ತೇ ಅರ್ಧ ಜಾರಿತ್ತು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಇನ್ನೂ ಸಾಕಷ್ಟು ಸಮಯ ಬೇಕಿತ್ತು, ಅಷ್ಟೆ.

ಸಂತೇಬೆನ್ನೂರಿನ ಮನೆಯಲ್ಲಿ ಷಣ್ಮುಖಪ್ಪನವರ ಟ್ರ್ಯಾಕ್ಟರ್ ಬಿಸಿಲಿಗೆ ಬಂತು, ಕಾರು ಶೆಡ್ಡಿನ ನೆರಳಿಗೆ ಹೋಯಿತು. ಪ್ರತಿ ಭಾನುವಾರ ಕೊಟ್ರೇಶ್ ಬೈಕಿನಲ್ಲಿ ಬರುತ್ತಿದ್ದ. ಇಬ್ಬರೂ ಸೇರಿ ಎಂಜಿನ್ ಇಳಿಸಿದರು. ಹೊನ್ನಾಳಿಯ ಗಾದ್ರಪ್ಪನವರ ಲೇತ್ ಅಂಗಡಿಯಲ್ಲಿ ಸಿಲಿಂಡರ್ ಕೊರೆಸಿದರು. ಹೊಸ ಪಿಸ್ಟನ್, ಹೊಸ ರಿಂಗ್, ಗಾಳಿ ಹೆಚ್ಚು ಎಳೆಯುವ ಫಿಲ್ಟರ್, ಗಟ್ಟಿ ಸ್ಪ್ರಿಂಗ್. ಅವನು ತೋರಿಸಿದ್ದನ್ನು ಅವಳು ಒಂದೇ ಸಲಕ್ಕೆ ಕಲಿಯುತ್ತಿದ್ದಳು.

"ಕೈ ಭಾಳ ಹದವಾಗೈತೆ ನಿಮ್ದು," ಎಂದ ಒಮ್ಮೆ.

"ನರ ಹುಡುಕೋ ಕೈ ಮೇಷ್ಟ್ರೇ. ಒಂದಿನ ನಿಮ್ದೂ ರಕ್ತ ತೆಗೀತೀನಿ."

"ಆಗ್ಲೇ ಕುಡೀತಾ ಇದ್ದೀರಲ್ಲ."

ಬಣ್ಣ ಹೊಡೆದ ದಿನದ ಕಥೆ ಕೇಳಬೇಕು. ಧೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿ, ಗೋಡೆಗೆಲ್ಲ ಹಳೆ ಸೀರೆ ಕಟ್ಟಿ, ಹಳದಿ ಬಣ್ಣ ಹೊಡೆದು ಮುಗಿಸಿದ್ದರು. ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಪಕ್ಕದ ಕಣದಲ್ಲಿ ಅವತ್ತೇ ಮೆಕ್ಕೆಜೋಳ ಬಿಡಿಸುವ ಮಷೀನು ತರಿಸುತ್ತಿದ್ದಾರೆಯೇ ಎಂದು ಕೇಳುವುದನ್ನು ಇಬ್ಬರೂ ಮರೆತಿದ್ದರು. ಮಷೀನು ಶುರುವಾಯಿತು, ಹೊಟ್ಟು ಹಾರಿತು. ಹಸಿ ಬಣ್ಣದ ಮೇಲೆಲ್ಲ ಕೂತಿತು.

ಕಾರಿಗೆ ಮೈಯೆಲ್ಲ ಕೂದಲು ಬಂದಂತಿತ್ತು.

"ಅಪ್ಪಾಜಿ, ಇವತ್ತು ಮಷೀನು ಬರುತ್ತೆ ಅಂತ ನಿಮಗೆ ಗೊತ್ತಿತ್ತಾ?" ಶಿವಲೀಲಾ ಕೇಳಿದಳು.

"ಗೊತ್ತಿಲ್ದೇ ಏನು? ಬಾಡಿಗೆಗೆ ಹೇಳಿ ಕರೆಸಿದ್ದೇ ನಾನು," ಎಂದರು ಷಣ್ಮುಖಪ್ಪ. "ನೀವೆಲ್ಲಿ ಕೇಳಿದ್ರಿ?"

ಕೊಟ್ರೇಶ್ ಮೊದಲು ನಕ್ಕ. ಆಮೇಲೆ ಅವಳೂ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವಾಗ ಕೆನ್ನೆಗೆಲ್ಲ ಹಳದಿ ಹತ್ತಿತು. ಅವನು ನಗುವುದನ್ನು ನಿಲ್ಲಿಸಿ ನೋಡುತ್ತಾ ನಿಂತ. ಆ ನೋಟ ಅವಳಿಗೂ ತಿಳಿಯಿತು. ಮುಂದಿನ ಮೂರು ವಾರ ಆ ಬಣ್ಣವನ್ನೆಲ್ಲ ಉಜ್ಜಿ ತೆಗೆದು ಮತ್ತೆ ಹಳದಿ ಹೊಡೆಯಬೇಕಾಗಿ ಬಂದದ್ದಕ್ಕೆ ಇಬ್ಬರಿಗೂ ಒಂಚೂರೂ ಬೇಸರವಾಗಲಿಲ್ಲ.

*

ಎಂಜಿನ್ ಶುರುವಾದ ದಿನ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಕಾರು ಹೊರಗೆ ಬಂತು. ಶಿವಲೀಲಾ ಆಕ್ಸಿಲರೇಟರ್ ಮೇಲೆ ಕಾಲಿಟ್ಟಿದ್ದೇ ತಡ, ಕೊಟ್ರೇಶ್ ಕೈ ಅಡ್ಡ ಹಿಡಿದ.

"ಈಗ್ಲೇ ಓಡಿಸೋ ಹಂಗಿಲ್ಲ. ರನ್ನಿಂಗ್-ಇನ್ ಮುಗೀಬೇಕು. ಹೊಸ ರಿಂಗು ಸಿಲಿಂಡರಿಗೆ ಹೊಂದಿಕೊಳ್ಳೋವರೆಗೂ ಅರವತ್ತರ ಮೇಲೆ ಹೋಗಬಾರದು. ನಾನು ಪಕ್ಕದಲ್ಲಿ ಕೂತು ಸದ್ದು ಕೇಳ್ತಿರಬೇಕು."

"ಎಷ್ಟು ದೂರ?"

ಸಾವಿರ ಕಿಲೋಮೀಟರ್ ಎಂದು ಹೇಳಲು ಅವನು ಬಾಯಿ ತೆರೆದ. ಅಷ್ಟು ಸಾಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ವರ್ಷವೂ ಹುಡುಗರಿಗೆ ಪಾಠ ಮಾಡುತ್ತಿದ್ದ. ಆದರೆ ಅವಳು ಅವನ ಕಡೆಗೇ ತಿರುಗಿ ಕೂತಿದ್ದಳು.

"ಎರಡು ಸಾವಿರ," ಎಂದ.

ಪಾಪ, ಮೇಷ್ಟ್ರು! ಪ್ರೀತಿ ಬಂದರೆ ಲೆಕ್ಕ ತಪ್ಪುತ್ತದೆ ಎನ್ನುತ್ತಾರಲ್ಲ, ಇವನು ತಿಳಿದೂ ತಿಳಿದೂ ತಪ್ಪಿಸಿದ್ದ.

ಅಲ್ಲಿಂದ ಭಾನುವಾರಗಳು ಶುರುವಾದವು. ಚನ್ನಗಿರಿಯಿಂದ ಹೊನ್ನಾಳಿಗೆ, ಅಲ್ಲಿಂದ ನ್ಯಾಮತಿಗೆ, ಸಿದ್ದಲಿಂಗಮ್ಮನ ಕೈಯ ರೊಟ್ಟಿ ತಿಂದು ವಾಪಸ್. ಗಾಳಿಯಂತೆ ಓಡಬಲ್ಲ ಕಾರು ಎತ್ತಿನಗಾಡಿಯಂತೆ ಹೋಗುತ್ತಿತ್ತು. ಬಸ್ಸುಗಳು ಹಾರ್ನ್ ಹೊಡೆದು ದಾಟಿದವು. ಹೊನ್ನಾಳಿಯ ಹತ್ತಿರ ಮೊಪೆಡ್ಡಿನ ಮೇಲೆ ಮೇವು ಹೇರಿಕೊಂಡ ಅಜ್ಜನೊಬ್ಬ ದಾಟಿ ಹೋಗಿ, ತಿರುಗಿ ಕನಿಕರದಿಂದ ನೋಡಿದ.

"ಅಜ್ಜಾರು ಅಯ್ಯೋ ಪಾಪ ಅಂದ್ರು," ಎಂದಳು ಶಿವಲೀಲಾ.

"ಅನ್ಲಿ ಬಿಡ್ರಿ. ನಮಗೇನು ಅವಸರ?"

ನಮಗೆ... ಆ ಮಾತನ್ನು ಅವಳು ಮನೆಗೆ ಕೊಂಡೊಯ್ದಳು. ಅವನಿಗೂ ಹೀಗೇ ಅನ್ನಿಸುತ್ತಿರಬಹುದಾ? ಅಥವಾ ಎಲ್ಲರೊಂದಿಗೂ ಹೀಗೇ ಮಾತಾಡುತ್ತಾನಾ? ಕೇಳುವುದು ಹೇಗೆ?

ಸಾವಿರ ದಾಟಿದ ಮರುದಿನವೇ ಅವನು ಎಂಜಿನ್ ಆಯಿಲ್ ಬದಲಾಯಿಸಿದ. "ನಡುವೆ ಒಂದ್ಸಲ ಇರ್ಲಿ," ಎಂದ. ಅವಳು ನಂಬಿದಳು. ಅವನು ಹೇಳಿದ್ದನ್ನೆಲ್ಲ ಅವಳು ನಂಬುತ್ತಿದ್ದಳು.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಜಗಳೂರಿನ ರೇಸಿನ ಸುದ್ದಿ ಬಂತು. ಮುಂದಿನ ಭಾನುವಾರ. ಹೆಸರು ಅವತ್ತು ಬೆಳಿಗ್ಗೆ ಅಲ್ಲೇ ಕೊಟ್ಟರೂ ಆಗುತ್ತದೆ.

"ಮೇಷ್ಟ್ರೇ, ಹೋಗೋಣ್ವಾ?" ಫೋನಿನಲ್ಲಿ ಅವಳ ದನಿ ಕುಣಿಯುತ್ತಿತ್ತು.

ಈ ಕಡೆ ಕೊಟ್ರೇಶ್ ಸಿಕ್ಕಿಬಿದ್ದಿದ್ದ. ನಿಜ ಹೇಳಿದರೆ ಸುಳ್ಳು ಬಯಲಾಗುತ್ತದೆ. ಸುಳ್ಳು ಉಳಿಸಿಕೊಂಡರೆ ಅವಳ ಕನಸು ಹೋಗುತ್ತದೆ.

"ಅದು... ರನ್ನಿಂಗ್-ಇನ್ ಇನ್ನೂ ಐತಲ್ಲ..." ಎಂದುಬಿಟ್ಟ.

"ಹೌದಲ್ವಾ." ದನಿ ಕುಸಿಯಿತು. "ಇರ್ಲಿ ಬಿಡಿ. ಎಂಜಿನ್ ಹಾಳಾಗೋದು ಬೇಡ. ಮುಂದಿನ ವರ್ಷ ನೋಡೋಣ."

ಫೋನ್ ಇಟ್ಟ ಮೇಲೆ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ನಾಳೆ ಹೇಳುತ್ತೇನೆ ಎಂದುಕೊಂಡ. ನಾಳೆ ಬಂದಾಗ ನಾಡಿದ್ದು ಎಂದುಕೊಂಡ. ಶನಿವಾರ ಬಂತು.

*

ಶನಿವಾರ ಮಧ್ಯಾಹ್ನ ಶಿವಲೀಲಾ ಸೈಲೆನ್ಸರಿನ ಮುರಿದ ಪಟ್ಟಿ ಬೆಸೆಸಲು ಗಾದ್ರಪ್ಪನವರ ಅಂಗಡಿಗೆ ಹೋದಳು.

"ನಾಳೆ ಜಗಳೂರಿಗೆ ಹೋಗ್ತೀಯೇನವ್ವಾ?" ಗಾದ್ರಪ್ಪ ಕೇಳಿದರು.

"ಇಲ್ಲ ಕಾಕಾ. ಎರಡು ಸಾವಿರ ಆಗ್ಬೇಕಲ್ಲ. ಹದಿನೈದು ನೂರು ಆಗೈತೆ ಅಷ್ಟೆ."

"ಎರಡು ಸಾವಿರ?" ಅವರು ತಲೆ ಎತ್ತಿದರು. "ನಾನು ಕೊರೆದ ಸಿಲಿಂಡರಿಗೆ ಸಾವಿರ ಆದ್ರೆ ಬೇಕಾದಷ್ಟಾತು. ಆಯಿಲ್ ಬದಲಾಯಿಸ್ಲಿಲ್ವಾ ಕೊಟ್ರೇಶಿ?"

"ಬದಲಾಯಿಸಿದ್ರು... ಸಾವಿರಕ್ಕೆ."

"ಮತ್ತೆ? ಅಲ್ಲಿಗೆ ಮುಗೀತು. ಅವನಿಗೆ ಗೊತ್ತಿಲ್ದಿದ್ದೇನಲ್ಲ."

ಶಿವಲೀಲಾ ಅಲ್ಲೇ ನಿಂತಳು. ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಯಾಕೆ? ಅವಳಿಗೆ ಹೊಳೆದದ್ದು ಒಂದೇ ಕಾರಣ. ಅವನೂ ಎಲ್ಲರ ಹಾಗೆಯೇ. ಹುಡುಗಿಯ ಕೈಗೆ ಈ ಎಂಜಿನ್ ಕೊಟ್ಟರೆ ಹಾಳು ಮಾಡುತ್ತಾಳೆ ಎಂದುಕೊಂಡ. ಬೇರೆಯವರು ಎದುರಿಗೆ ನಕ್ಕರು, ಇವನು ಒಳಗೇ ನಕ್ಕ.

ಹೊರಗೆ ಬಂದು ಫೋನ್ ಮಾಡಿದಳು.

"ಸಾವಿರ ಸಾಕಿತ್ತಂತೆ. ಹೌದಾ?"

"ಹೌದು. ಶಿವಲೀಲಾ, ನಾನು..."

"ಸಾಕು ಮೇಷ್ಟ್ರೇ." ಫೋನ್ ಇಟ್ಟಳು. ಹೊನ್ನಾಳಿಯಿಂದ ಮನೆಯವರೆಗೂ ಕಣ್ಣೊರೆಸುತ್ತಲೇ ಕಾರು ಓಡಿಸಿದಳು. ಅಭ್ಯಾಸಬಲ, ಅರವತ್ತರ ಮೇಲೆ ಹೋಗಲಿಲ್ಲ.

*

ಭಾನುವಾರ ಬೆಳಿಗ್ಗೆ ಒಬ್ಬಳೇ ಹೊರಟಳು. ದಾವಣಗೆರೆ ದಾಟಿ ಜಗಳೂರಿನ ದಾರಿ ಹಿಡಿದಾಗ ಎರಡೂ ಕಡೆ ಬಯಲು ತೆರೆದುಕೊಂಡಿತು. ಕಾಲು ಒತ್ತಿದಳು. ಅರವತ್ತು ದಾಟಿತು, ಎಂಬತ್ತು, ನೂರು. ಒಂದು ತೊದಲಿಲ್ಲ, ಒಂದು ನಡುಕವಿಲ್ಲ. ಎಷ್ಟು ಪ್ರೀತಿಯಿಂದ ಜೋಡಿಸಿದ್ದ ಆ ಎಂಜಿನ್ನನ್ನು! ಹಾಗೆ ಜೋಡಿಸಿದ ಕೈ ಯಾಕೆ ಸುಳ್ಳು ಹೇಳಿತು... ಅವಳಿಗೆ ಮತ್ತೆ ಅಳು ಬಂತು.

ಬಯಲಿನ ಬಾಗಿಲಲ್ಲೇ ಅವನು ನಿಂತಿದ್ದ. ಬೈಕಿನ ಮೇಲೆ ಬಂದು ತಲೆಯಿಂದ ಕಾಲಿನವರೆಗೂ ಧೂಳಾಗಿದ್ದ.

ಅವಳು ಇಳಿದಳು. ಹೋಗಿ ಹೆಸರು ಕೊಟ್ಟು ಬಂದಳು, ಅವನ ಮುಖ ನೋಡಲಿಲ್ಲ.

"ಆಯಿಲ್ ನೋಡ್ಲಾ?" ಮೆಲ್ಲಗೆ ಕೇಳಿದ.

"ನೋಡೀನಿ."

"ಟೈರಿನ ಗಾಳಿ? ಮಣ್ಣಿಗೆ ಸ್ವಲ್ಪ ಕಮ್ಮಿ..."

"ಕಮ್ಮಿ ಮಾಡೀನಿ."

"ಹಿಂದಿನ ಸೀಟು?"

"ಬಿಚ್ಚಿ ಮನೇಲಿಟ್ಟು ಬಂದೀನಿ."

ಅವನ ಕೈ ಎರಡೂ ಖಾಲಿಯಾಗಿ ಇಳಿದವು. "ಹಂಗಾದ್ರೆ ನನಗೆ ಕೆಲಸಾನೇ ಇಲ್ಲ."

"ಇಲ್ಲ."

"ಇದಕ್ಕೇ ಹೆದರಿದ್ದು ನಾನು," ಎಂದ ಕೊಟ್ರೇಶ್. "ಸಾವಿರ ಆದ ದಿನ ನಿಮಗೆ ನನ್ನ ಕೆಲಸ ಮುಗೀತಿತ್ತು. ಥ್ಯಾಂಕ್ಸ್ ಮೇಷ್ಟ್ರೇ ಅಂತಿದ್ರಿ, ಹೋಗ್ತಿದ್ರಿ. ಕೆಲಸ ಇಲ್ದೇನೂ ನಿಮ್ಮ ಹತ್ರ ಇರಬೇಕು ಅನ್ಸಿತ್ತು. ಅದನ್ನ ಹೇಳಾಕೆ ಧೈರ್ಯ ಬರ್ಲಿಲ್ಲ, ಸುಳ್ಳು ಹೇಳಿದೆ. ನಿಮ್ಮ ರೇಸಿಗೆ ಅಡ್ಡ ಬಂದಾಗ್ಲೂ ಬಾಯಿ ಬಿಡ್ಲಿಲ್ಲ ನೋಡಿ, ಅದು ದೊಡ್ಡ ತಪ್ಪು. ಪ್ರೀತಿ ಅಂತ ಹೇಳಿ ಅದನ್ನ ಮುಚ್ಚಾಕೆ ಆಗಲ್ಲ."

ಶಿವಲೀಲಾ ಮೊದಲ ಸಲ ಅವನ ಮುಖ ನೋಡಿದಳು.

"ನನ್ನ ಕೈಯಲ್ಲಿ ಆಗಲ್ಲ ಅಂತ ಸುಳ್ಳು ಹೇಳಿದ್ದಲ್ವಾ?"

"ನಿಮ್ಮ ಕೈಯಲ್ಲಾ?" ಅವನು ಬೆಚ್ಚಿದ. "ನಿಮ್ಮ ಡ್ರೈವಿಂಗ್ ಮೇಲೆ ನಂಬಿಕೆ ಇಲ್ದಿದ್ರೆ ಹದಿನೈದು ನೂರು ಕಿಲೋಮೀಟರ್ ಪಕ್ಕದಲ್ಲಿ ಕೂತಿರ್ತಿದ್ನಾ?"

ಮೈಕಿನಲ್ಲಿ ಅವಳ ಹೆಸರು ಕೂಗಿದರು. ಅವಳು ಹೆಲ್ಮೆಟ್ ಹಾಕಿಕೊಂಡು ಹೋದಳು.

ಬಾವುಟ ಬಿತ್ತು. ಹಳದಿ ಕಾರು ಕೆಂಪು ಮಣ್ಣನ್ನು ಎಬ್ಬಿಸುತ್ತಾ ಹೊರಟಿತು. ಮೊದಲ ತಿರುವಿನಲ್ಲಿ ಹಿಂಭಾಗ ಜಾರಿತು, ಅವಳು ಹೆದರಲಿಲ್ಲ, ಸ್ಟೇರಿಂಗ್ ಎದುರು ತಿರುಗಿಸಿ ಹಿಡಿದಳು. ಎರಡನೆಯದರಲ್ಲಿ ಜಾರಿಸಿದ್ದೇ ಅವಳು. ಬೇಲಿಯ ಆಚೆ ಕೊಟ್ರೇಶ್ ಕಿವಿಗೊಟ್ಟು ನಿಂತಿದ್ದ. ಎಂಜಿನ್ನಿನ ಸದ್ದಿನಲ್ಲಿ ಯಾವ ತಪ್ಪೂ ಅವನಿಗೆ ಕೇಳಿಸಲಿಲ್ಲ.

ಅವಳು ಮೂರನೆಯವಳಾಗಿ ಬಂದಳು. ಮೊದಲಿಬ್ಬರು ವರ್ಷಗಳಿಂದ ಓಡಿಸುತ್ತಿದ್ದವರು.

ಧೂಳು ತುಂಬಿದ ಮುಖದಲ್ಲೇ ನೇರ ಅವನ ಹತ್ತಿರ ನಡೆದು ಬಂದಳು. ಸಿಟ್ಟು ಅರ್ಧ ಇಳಿದಿತ್ತು, ಇನ್ನರ್ಧವನ್ನು ಬೇಕೆಂದೇ ಉಳಿಸಿಕೊಂಡಿದ್ದಳು.

"ಇನ್ನೊಂದ್ಸಲ ಸುಳ್ಳು ಹೇಳಿದ್ರೆ ನೋಡಿ."

"ಹೇಳಲ್ಲ."

"ನಿಮಗೆ ಬೇಕಾಗಿದ್ದನ್ನ ಬಾಯಿಬಿಟ್ಟು ಕೇಳಬೇಕು."

"ಅವ್ವನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ? ಮಾತಾಡಾಕೆ?"

ಶಿವಲೀಲಾಳ ಎದೆ ಎಂಜಿನ್ನಿಗಿಂತ ಜೋರಾಗಿ ಓಡಿತು. ಮುಖ ಮಾತ್ರ ಗಂಭೀರವಾಗಿಟ್ಟುಕೊಂಡಳು.

"ಬನ್ನಿ. ಆದ್ರೆ ವಯಸ್ಸಾದೋರನ್ನ ಬೈಕಲ್ಲಿ ಕೂರಿಸ್ಕೊಂಡು ಬರಬೇಡಿ. ನಾನೇ ನ್ಯಾಮತಿಗೆ ಬಂದು ಇಬ್ರನ್ನೂ ಕರ್ಕೊಂಡು ಹೋಗ್ತೀನಿ."

"ಹೆಣ್ಣು ಕೇಳಾಕೆ ಬರೋರನ್ನ ಹೆಣ್ಣೇ ಕಾರಲ್ಲಿ ಕರ್ಕೊಂಡು ಹೋಗೋದಾ?" ಅವನು ಬಾಯಿ ಬಿಟ್ಟು ನೋಡಿದ. "ನಿಮ್ಮ ಅಪ್ಪಾಜಿ ಏನಂತಾರೆ?"

"ಹಿಂದಿನ ಸೀಟು ಹಾಕಿದ್ಯಾ ಅಂತಾರೆ. ಯಾಕೆ, ನಾನು ಓಡಿಸಿದ್ರೆ ಬರಲ್ವಾ ನೀವು?"

ಕೊಟ್ರೇಶ್ ಜೇಬಿನಿಂದ ಕರವಸ್ತ್ರ ತೆಗೆದು ಅವಳಿಗೆ ಕೊಟ್ಟ. ಅವಳು ಮುಖ ಒರೆಸಿಕೊಳ್ಳುವವರೆಗೂ ಕಾದ.

"ಎಷ್ಟೊತ್ತಿಗೆ ರೆಡಿಯಾಗಿರ್ಬೇಕು, ಹೇಳ್ರಿ," ಎಂದ.