ಬಾಯಿಗೆ ಬಾರದ ಹೆಸರು

ಅನಸೂಯಮ್ಮ ಮೊಮ್ಮಗಳ ಜನನ ನೋಂದಣಿಯ ಅರ್ಜಿಯನ್ನು ಸತ್ತ ಹಲ್ಲಿಯನ್ನು ಎತ್ತುವಂತೆ ಎರಡೇ ಬೆರಳಲ್ಲಿ ಎತ್ತಿ ಟೇಬಲ್ಲಿನ ಆಚೆ ತುದಿಗೆ ಬಿಸಾಕಿದರು. ಆಮೇಲೆ ಸಿಂಕಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡರು. ಹದಿನಾಲ್ಕು ದಿನದ ಬಾಣಂತಿ ಸೊಸೆ ನೇಹಾ ಮಗುವನ್ನು ಎದೆಗವಚಿಕೊಂಡು ನೋಡುತ್ತಿದ್ದಳು. ಥೂ, ಬಾಣಂತನ ಮಾಡುತ್ತೇನೆಂದು ಮೈಸೂರಿನಿಂದ ಜಪಾನಿನ ಗ್ಯೋಟೋಕುವರೆಗೆ ಬಂದ ಹೆಂಗಸು ಮಾಡುವ ಕೆಲಸವೇ ಇದು!

"ಸರ್‌ನೇಮು ಮಥಾಯಸ್ ಅಂತೆ. ಕೇಳಿದ್ರೇ ವಾಕರಿಕೆ ಬರುತ್ತೆ," ಎಂದರು ಅನಸೂಯಮ್ಮ.

"ಅದು ಹೀಬ್ರೂ ಹೆಸರು ಅತ್ತೆ. ದೇವರು ಕೊಟ್ಟಿದ್ದು ಅಂತ ಅರ್ಥ," ನೇಹಾ ಮೆತ್ತಗೆ ಹೇಳಿದಳು. "ಗ್ರೀಕರ ಬಾಯಿಗೆ ಬಂತು, ರೋಮಿಗೆ ಹೋಯ್ತು, ಪೋರ್ಚುಗೀಸ್ ಪಾದ್ರಿಗಳ ಜೊತೆ ಹಡಗು ಹತ್ತಿ ಗೋವಾಕ್ಕೆ ಬಂತು. ಅಲ್ಲಿಂದ ನಮ್ಮ ಹಿರಿಯರು ಬಜ್ಪೆಗೆ ತಂದ್ರು. ಪಪ್ಪ ಬೇಕರಿ ಬೋರ್ಡಲ್ಲೂ ಅದನ್ನೇ ಬರೆಸಿದ್ರು. ಈಗ ಪಪ್ಪನೂ ಇಲ್ಲ. ಅವರಿಗೆ ಇದ್ದಿದ್ದು ನಾನೊಬ್ಳೇ... ನಾನೂ ಬಿಟ್ರೆ ನಮ್ಮನೆ ಹೆಸರು ಅಲ್ಲಿಗೆ ಮುಗೀತು."

"ಊರೂರು ಅಲೆದು ಎಂಜಲಾದ ಹೆಸರು ನನ್ನ ಮೊಮ್ಮಗಳಿಗೆ ಬೇಡ. ನಿಮ್ಮ ಮಾವನೋರ ಹೆಸರೇ ಇರ್ಲಿ."

ಮಾವನೆಂದರೆ ತೀರಿಕೊಂಡ ಹರಿಪ್ರಸಾದ. ಆ ಮನೆಗೆ ಮನೆತನದ ಹೆಸರೆಂಬುದೇ ಇರಲಿಲ್ಲ. ಪಾಸ್‌ಪೋರ್ಟಿನ ಸರ್‌ನೇಮ್ ಖಾನೆ ತುಂಬಲೆಂದು ಮಗ ಸಂದೀಪ ಅಪ್ಪನ ಹೆಸರನ್ನು ಬರೆದಿದ್ದ. ಹತ್ತು ವರ್ಷದ ಹೆಸರಿಗೆ ವಂಶದ ಜಂಬ ಬೇರೆ. ಅನಸೂಯಮ್ಮನಂತೂ ಗಂಡನ ಹೆಸರನ್ನು ಒಮ್ಮೆಯೂ ಬಾಯಿ ಬಿಟ್ಟು ಹೇಳಿದವರಲ್ಲ. ನೆಂಟರೆಲ್ಲ ಪತಿವ್ರತೆ ಎಂದು ಹೊಗಳುತ್ತಿದ್ದರು.

ಇನ್ನು ಸಂದೀಪ! ಆಫೀಸಿನಲ್ಲಿ ಇಪ್ಪತ್ತು ಜನರನ್ನು ಆಳುವವನು ಮನೆಯಲ್ಲಿ ಫೋನ್ ನೋಡುತ್ತ ನಿಂತಿದ್ದ. "ಅಡ್ಜಸ್ಟ್ ಮಾಡ್ಕೋ ನೇಹಾ. ಇವತ್ತೇ ಲಾಸ್ಟ್ ಡೇಟು, ಅಮ್ಮನ್ನ ಯಾಕೆ ನೋಯಿಸೋದು," ಎಂದು ಹೊಸ ಅರ್ಜಿ ತುಂಬಿದ. ಇಂಥ ಗಂಡಸರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ನೇಹಾ ಗೋಡೆಯತ್ತ ತಿರುಗಿ ಸದ್ದಿಲ್ಲದೆ ಅತ್ತಳು.

ಮಗ ದಾರಿಯಲ್ಲಿ ಮನಸ್ಸು ಬದಲಿಸಿದರೆ ಎಂಬ ಅನುಮಾನಕ್ಕೆ ಅನಸೂಯಮ್ಮ ತಾವೂ ಸಿಟಿ ಆಫೀಸಿಗೆ ಹೊರಟರು. ಅರ್ಧ ಗಂಟೆ ಕಾದ ಮೇಲೆ ಕೌಂಟರಿನ ಹುಡುಗಿ ತಲೆಬಾಗಿ, "ಹರಿಪ್ರಸಾದ ಸಾನ್," ಎಂದು ಕರೆದಳು. ಈ ದೇಶದಲ್ಲಿ ಎಲ್ಲರನ್ನೂ ಕರೆಯುವುದು ಸರ್‌ನೇಮಿಗೆ ಗೌರವದ ಸಾನ್ ಸೇರಿಸಿಯೇ. ಸಂದೀಪ ಎದ್ದ. ಅನಸೂಯಮ್ಮನ ಕೈ ತಂತಾನೇ ಮೇಲೆದ್ದು ಕೆನ್ನೆಯನ್ನು ಮುಚ್ಚಿಕೊಂಡಿತು.

ಹುಡುಗಿ ಅರ್ಜಿ ನೋಡಿ ನಗುತ್ತ ಏನೋ ಕೇಳಿದಳು.

"ಏನಂತೆ?" ಎಂದರು ಅನಸೂಯಮ್ಮ.

"ಪಾಪು ಹರಿಪ್ರಸಾದ ಚಾನ್ ಅಲ್ವಾ ಅಂತ ಕೇಳ್ತಿದ್ದಾರೆ. ಚಿಕ್ಕ ಮಕ್ಕಳಿಗೆ ಚಾನ್ ಅಂತಾರಮ್ಮ. ಇನ್ಮೇಲೆ ಸ್ಕೂಲು, ಆಸ್ಪತ್ರೆ, ಎಲ್ಲಾ ಕಡೆ ಅವಳನ್ನ ಹೀಗೇ ಕರೆಯೋದು."

ಅನಸೂಯಮ್ಮ ಮಗನನ್ನು ಸರಿಸಿ ಮುಂದೆ ಬಂದರು. ಕೌಂಟರಿನ ಅಂಚು ಹಿಡಿದು ನಿಂತರು.

"ಹರಿದುಹಾಕು ಅದನ್ನ."

"ಅಮ್ಮ, ನೀವೇ ಅಲ್ವಾ..."

"ನೆಂಟರು ಏನಂತಾರೋ ಅಂತ ಹಟ ಹಿಡಿದೆ ಕಣೋ. ಇಪ್ಪತ್ತೆಂಟು ವರ್ಷ ಆ ಹೆಸರು ಹೇಳ್ಲಿಲ್ಲ ನಾನು. ಮರ್ಯಾದೆಗೆ ಅಂದ್ಕೊಂಡ್ಯಾ? ಅಸಹ್ಯಕ್ಕೆ. ಬೆಲ್ಟು ಬಿಚ್ಚೋ ಸದ್ದು ನಿಂಗೂ ಗೊತ್ತು... ಆಗ ನೀನು ಮಗು, ಬಾಗಿಲ ಹಿಂದೆ ಸುಮ್ನೆ ನಿಂತಿದ್ದೆ. ಈಗ ಯಾಕೆ ಸುಮ್ನಿದ್ದೀಯ? ಆ ಎಳೇ ಕೂಸನ್ನ ಹರಿಪ್ರಸಾದ ಅಂತ ಕರೆಯೋದಾ?"

ಹೇಳಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡರು. ಸಂದೀಪ ತಲೆ ತಗ್ಗಿಸಿ, "ಸುಮಿಮಾಸೆನ್," ಎಂದು ಆ ಹುಡುಗಿಯ ಕ್ಷಮೆ ಕೇಳಿ ಇನ್ನೊಂದು ಅರ್ಜಿ ಇಸಕೊಂಡ. ತಾಯಿಯ ಕ್ಷಮೆ ಕೇಳಲು ಅವನಿಗೆ ಬಾಯಿ ಬರಲಿಲ್ಲ.

ಮನೆಗೆ ಬಂದು ಅವನು ಅರ್ಜಿಯ ನಕಲನ್ನು ನೇಹಾಳ ಮುಂದಿಟ್ಟ. ಮಥಾಯಸ್ ಎಂದಿತ್ತು. ಅವಳು ಅದನ್ನು ಎರಡೆರಡು ಸಲ ಓದಿ ಅತ್ತೆಯತ್ತ ನೋಡುವಷ್ಟರಲ್ಲಿ ಅನಸೂಯಮ್ಮ ನೆಟ್ಟಗೆ ಸಿಂಕಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆಯತೊಡಗಿದ್ದರು. ನೇಹಾಳ ಮುಖ ಬಾಡಿತು.

ಅನಸೂಯಮ್ಮ ಕೈ ಒರೆಸಿಕೊಂಡು ಬಂದು, ನೆಲದ ಮೇಲೆ ಕಾಲು ಚಾಚಿ ಕೂತು ಎರಡೂ ಕೈ ನೀಡಿದರು.

"ಹೊರಗಿಂದ ಬಂದ ಕೈ, ತೊಳ್ಕೊಂಡೆ. ಕೊಡಮ್ಮ ಇಲ್ಲಿ, ದೇವರು ಕೊಟ್ಟಿದ್ದನ್ನ."